ಹುಲಿಯಮ್ಮ ಒಲೆಗಿಟ್ಟ ಗೂಟಗಳು

ಸೊಪ್ಪು ಕೊಯ್ಯಲು ಹೊರಟ ಹುಲಿಯಮ್ಮ ಜಡ್ಡಿಯ ಅಂಚಿಗೆ ಬಂದವಳೇ ನಿಂತುಬಿಟ್ಟಳು. ಬೇಸಿಗೆಯಲ್ಲೂ ನೀರು ಬತ್ತದ ತಗ್ಗಿನ ಕಾಡಿಗೆ ಹೊಸನಗರದ ಕಡೆ ಜಡ್ಡಿ ಅನ್ನುತ್ತಾರೆ. ಅದರ ಉದ್ದಕ್ಕೂ ತಲೆಗೆ ಸುಣ್ಣ ಬಳಿದ ಗೂಟಗಳು. ಎಣಿಸಿದಳು, ಹನ್ನೊಂದಿದ್ದವು.

ಸುಣ್ಣದ ಗುರುತು ಅಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಾಗರ ಸೀಮೆಯ ಹೊಳೆಬದಿಯ ಊರಿನಲ್ಲಿ ಅವಳ ಗದ್ದೆ ಅಂಚಿಗೆ ಒಮ್ಮೆ ಇಂಥದೇ ಸುಣ್ಣದ ಕಲ್ಲು ಬಂದಿತ್ತು. ಹಿಂದೆಯೇ ಲಿಂಗನಮಕ್ಕಿ ಅಣೆಕಟ್ಟಿನ ನೀರು ಬಂತು. ಗಂಡ ಗುತ್ಯಪ್ಪ, ಎರಡು ಎತ್ತು, ಒಂದು ಗಾಡಿ ಸಾಮಾನು, ಇಷ್ಟನ್ನು ಕಟ್ಟಿಕೊಂಡು ಅವಳು ಈ ಊರಿಗೆ ಬಂದು ನಾಲ್ಕು ವರ್ಷವಾಗಿತ್ತು. ಮತ್ತೆ ಗಾಡಿ ಕಟ್ಟುವ ಶಕ್ತಿ ಅವಳಲ್ಲಿರಲಿಲ್ಲ.

ಹೀಗಾಗಿ ಅವಳು ಯಾರನ್ನೂ ಕೇಳಲಿಲ್ಲ. ಹನ್ನೊಂದು ಗೂಟಗಳನ್ನೂ ಕಿತ್ತು, ಸೊಪ್ಪಿನ ಹೊರೆಯೊಳಗೆ ಸೇರಿಸಿ ಮನೆಗೆ ತಂದು, ಬಚ್ಚಲೊಲೆಗೆ ಇಟ್ಟಳು. ಒಣಗಿದ ಗಟ್ಟಿ ಮರ, ಸೊಗಸಾಗಿ ಉರಿಯಿತು. ಆ ದಿನ ಗುತ್ಯಪ್ಪನಿಗೆ ಎರಡು ಹಂಡೆ ಬಿಸಿನೀರಿನ ಭಾಗ್ಯ.

ಅಷ್ಟಕ್ಕೇ ಸುಮ್ಮನಿದ್ದಳೇ? ಕೇರಿಗೆಲ್ಲ ಎಚ್ಚರಿಕೆ ಕೊಟ್ಟಳು. ಗೂಟ ನೆಟ್ಟುಹೋದವರು ಬೇರೆ; ಮಾರನೆಯ ದಿನ ಗೆರೆ ಎಳೆಯಲು ಬಂದ ಅಳತೆಯವರು ಗೂಟ ಕಾಣದೆ ಜಡ್ಡಿಗೆ ದಾರಿ ಕೇಳಿದರೆ ಎಲ್ಲರದೂ ಒಂದೇ ಮಾತು: ಆ ಕಡೆ ಏನೂ ಇಲ್ಲ, ಬರೀ ಕೆಸರು. ಅಳತೆಯವರಿಗೆ ಮೂರು ತಾಲೂಕು ತಿರುಗುವುದಿತ್ತು. ಗಾಡಿರಸ್ತೆಯನ್ನೇ ಗಡಿ ಮಾಡಿ, ಜಡ್ಡಿಯನ್ನು ಆಚೆ ಬಿಟ್ಟು, ಗೆರೆ ಎಳೆದುಕೊಂಡು ತೀರ್ಥಹಳ್ಳಿ ಕಡೆ ಹೊರಟರು. ಗೆದ್ದೆ ಅಂತ ಹುಲಿಯಮ್ಮ ಬೀಗಿದಳು.

ವಾರ ಕಳೆದ ಮೇಲೆ ಗ್ರಾಮಸೇವಕಿ ಶೇಷಮ್ಮ ಕಂಕುಳಲ್ಲಿ ಸುತ್ತಿದ ಕಾಗದ ಇಟ್ಟುಕೊಂಡು ಬಂದಳು. ಅದು ನಕಾಶೆಯ ಪ್ರತಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ತಗ್ಗಿನ ಕಾಡುಗಳಲ್ಲಿ ಯಾವ ಗಿಡಮರ ಉಳಿದಿವೆ ಎಂದು ವರ್ಷವರ್ಷವೂ ನೋಡುವ ಕೆಲಸ ಶುರುವಾಗಿದೆ, ಗೆರೆಯ ಒಳಗಿನ ಒಂದು ಮರಕ್ಕೂ ಕೊಡಲಿ ಬೀಳುವುದಿಲ್ಲ, ಗೂಟ ಹಾಕಿದ್ದು ಅದಕ್ಕೆ ಎಂದು ವಿವರಿಸಿದಳು.

ಹುಲಿಯಮ್ಮ ನಂಬಲಿಲ್ಲ. "ಸುಣ್ಣ ಬಳಿದವ್ರು ಯಾವತ್ತು ನಮಗೆ ಒಳ್ಳೇದು ಮಾಡ್ಯಾರೆ ಅಕ್ಕೋರೆ? ಒಂದ್ಸಲ ಮುಳುಗಿದ್ದು ಸಾಕು."

"ನನ್ನ ಮಾತು ನಂಬ್‌ಬ್ಯಾಡ ಹುಲಿಯಕ್ಕ. ಇದನ್ನ ನೋಡು," ಎಂದು ಶೇಷಮ್ಮ ಜಗಲಿ ಮೇಲೆ ನಕಾಶೆ ಬಿಡಿಸಿದಳು. "ನಿನ್ನ ಗದ್ದೆಗೆ ನೀರು ಎಲ್ಲಿಂದ ಬರ್ತದೆ?"

"ಜಡ್ಡಿಯಿಂದ."

"ಗೆರೆ ಇಲ್ಲಿದೆ. ಜಡ್ಡಿ ಇಲ್ಲಿ, ಹೊರಗೆ. ಹೊರಗಿನ ಮರ ಕಡಿಯಾಕೆ ಮುಂದಿನ ತಿಂಗಳು ಗುತ್ತಿಗೆದಾರ ಬರ್ತಾನೆ. ಮರ ಹೋದ್ರೆ ಒರತೆ ಎಷ್ಟು ದಿನ ನಿಲ್ತದೆ?"

ಹುಲಿಯಮ್ಮ ನಕಾಶೆಯ ಗೆರೆಯ ಮೇಲೆ ಬೆರಳಿಟ್ಟಳು. ತನ್ನ ಗದ್ದೆಯ ನೀರಿಗೆ ತಾನೇ ಕತ್ತರಿ ಹಾಕಿಕೊಂಡಿದ್ದಳು. ಜಡ್ಡಿ ಗೆರೆಯ ಒಳಗೆ ಬಂದರೆ ಸೊಪ್ಪಿಗೆ ತಡೆ ಹಾಕುತ್ತಾರೋ ಎಂದು ಮೆಲ್ಲಗೆ ಕೇಳಿದಳು. ಅದು ಕೇಳಲೇಬೇಕಾದ ಪ್ರಶ್ನೆ, ಗೆರೆ ಕಾಯಂ ಆಗುವ ಮೊದಲೇ ಅಳತೆಯ ಸಾಹೇಬರ ಎದುರು ಕೇಳಿ ಬರೆಸಿಕೊಳ್ಳಬೇಕು ಎಂದಳು ಶೇಷಮ್ಮ.

ಹುಲಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಡೀರಿ. ಕಿತ್ತೋಳು ನಾನು, ಹಾಕ್ಸೋಳೂ ನಾನೇ."

ಇಬ್ಬರೂ ಎರಡು ಹರದಾರಿ ನಡೆದು ಅಳತೆಯವರ ಡೇರೆ ತಲುಪಿದರು. ಹುಲಿಯಮ್ಮ ಸುತ್ತುಬಳಸಲಿಲ್ಲ, ಗೂಟ ಸುಟ್ಟದ್ದನ್ನು ಒಪ್ಪಿಕೊಂಡಳು. ಸಾಹೇಬರು ಮೊದಲು ಮುಖ ಗಂಟಿಕ್ಕಿದರು. ಸೊಪ್ಪಿನ ಮಾತಿಗೆ, ಉದುರಿದ ಎಲೆಗೂ ಊಟದ ಸೊಪ್ಪಿಗೂ ಅಡ್ಡಿಯಿಲ್ಲ, ಹಸಿಮರ ಮುಟ್ಟಬಾರದು ಎಂದು ಬರೆದುಕೊಟ್ಟರು. ಅವರ ತೊಡಕೇ ಬೇರೆ. ಮಳೆ ಆಗತಾನೆ ಬಿಟ್ಟಿತ್ತು, ಎಲ್ಲಿ ನೋಡಿದರೂ ಒದ್ದೆ. ಜಡ್ಡಿ ಎಲ್ಲಿಗೆ ಮುಗಿಯುತ್ತದೆ ಅಂತ ಹೇಳುವುದು ಹೇಗೆ?

"ನಾ ತೋರ್ಸ್ತೀನಿ," ಎಂದಳು ಹುಲಿಯಮ್ಮ.

ಅವಳಿಗೆ ಗೊತ್ತಿತ್ತು. ಪ್ರತಿವರ್ಷ ಭೂಮಿ ಹುಣ್ಣಿಮೆಗೆ ನೂರೊಂದು ಬಗೆಯ ಸೊಪ್ಪು ಕುಡಿ ಕೂಡಿಸಿ ಹಚ್ಚಂಬಲಿ ಬೇಯಿಸಿ, ತೆನೆ ತುಂಬಿದ ಗದ್ದೆಗೆ ಬೀರುವುದು ಅವಳ ಮನೆತನದ ರೂಢಿ. ಹೊಸ ಊರಿನಲ್ಲಿ ಆ ಸೊಪ್ಪುಗಳನ್ನು ಒಂದೊಂದಾಗಿ ಹುಡುಕುತ್ತ ಜಡ್ಡಿಯ ಮೂಲೆಮೂಲೆ ತುಳಿದಿದ್ದಳು. ಯಾವ ಕೆಸು ಬೇಸಿಗೆಯಲ್ಲಿ ಸಾಯುತ್ತದೆ, ಯಾವುದು ಸಾಯುವುದಿಲ್ಲ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಸಾಯದ ಕೆಸು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಜಡ್ಡಿ.

ಮಾರನೆಯ ಬೆಳಿಗ್ಗೆ ಅವಳು ಮುಂದೆ, ಅಳತೆಯ ಸರಪಳಿ ಹಿಡಿದವರು ಹಿಂದೆ. ಮೊಣಕಾಲುದ್ದ ಕೆಸರಿನಲ್ಲಿ ಸಂಜೆವರೆಗೂ ನಡೆದಳು. ಸಾಹೇಬರ ಬೂಟು ಎರಡು ಸಲ ಕೆಸರಿಗೆ ಸಿಕ್ಕಿತು, ಅವಳು ನಿಲ್ಲಲಿಲ್ಲ. ಅವಳು ಕಾಲಿಟ್ಟು ತೋರಿಸಿದಲ್ಲೆಲ್ಲ ಗೂಟ ಬಿತ್ತು, ಒಟ್ಟು ಇಪ್ಪತ್ತಾರು. ಗಾಡಿರಸ್ತೆಯ ಗೆರೆ ಅಳಿಸಿ ಹೋಯಿತು, ಒರತೆ ಒಳಗೆ ಬಂತು. ಬರೆದದ್ದನ್ನು ಶೇಷಮ್ಮನಿಂದ ಎರಡು ಸಲ ಓದಿಸಿ ಕೇಳಿದ ಮೇಲೆಯೇ ಹುಲಿಯಮ್ಮ ಹೆಬ್ಬೆಟ್ಟು ಒತ್ತಿದಳು. ಮನೆಗೆ ಬಂದಾಗ ಗುತ್ಯಪ್ಪ, ಇನ್ನು ಬಚ್ಚಲಿಗೆ ಸೌದೆ ಎಲ್ಲಿಂದ ಎಂದು ಕಾಲೆಳೆದ. ಅವಳು ನಕ್ಕಳು. ಗುತ್ತಿಗೆದಾರ ಆ ವರ್ಷ ಜಡ್ಡಿಯತ್ತ ಬರಲಿಲ್ಲ.

ಅಕ್ಕತಂಗಿಯರೇ, ಅಣ್ಣಂದಿರೇ, ನಾಳೆ ನಿಮ್ಮೂರ ತಗ್ಗಿನ ಕಾಡಿಗೂ ಸರಪಳಿ ಹಿಡಿದವರು ಬರಬಹುದು. ಹೆದರಿ ಬಾಗಿಲು ಹಾಕಬೇಡಿ, ಗೂಟ ಕೀಳಬೇಡಿ. ಏತಕ್ಕೆ ಅಳೆಯುತ್ತೀರಿ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ, ನಕಾಶೆಯನ್ನು ಓದಿಸಿ ಕೇಳಿ. ಆಮೇಲೆ ಅವರ ಮುಂದೆ ನೀವೇ ನಡೆಯಿರಿ. ನಿಮ್ಮ ನೀರು ಎಲ್ಲಿ ಹುಟ್ಟುತ್ತದೆ ಎಂದು ನಿಮ್ಮಷ್ಟು ತಿಳಿದವರು ಬೇರೆ ಯಾರಿದ್ದಾರೆ?