ಐದನೆಯವಳು

ಸಾರಿಗೆ ಸಮಿತಿಯಲ್ಲಿ ಇಪ್ಪತ್ತೈದು ವರ್ಷದೊಳಗಿನ ಒಬ್ಬರಾದರೂ ಇರಲೇಬೇಕೆಂದು ಮೇಲಿನಿಂದ ಆದೇಶ ಬಂದಾಗ ನಮ್ಮ ಅಧ್ಯಕ್ಷರಿಗೆ ತಲೆನೋವು ಶುರುವಾಯಿತು. ಫೋಟೋದಲ್ಲಿ ಚೆನ್ನಾಗಿ ಕಾಣಬೇಕು, ಬಾಯಿ ಮಾತ್ರ ಬಿಡಬಾರದು, ಅಂಥವರು ಬೇಕು. ಬಂದ ಅರ್ಜಿಗಳಲ್ಲಿ ಒಂದು, ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದ ಹುಡುಗಿಯದು. ವಯಸ್ಸು ಇಪ್ಪತ್ತೆರಡು.

"ಇಸ್ತ್ರಿಯವಳು ಏನು ಮಾತಾಡ್ತಾಳೆ? ಇವಳನ್ನೇ ಹಾಕಿ," ಎಂದರು ಅಧ್ಯಕ್ಷರು.

ನಾನು ಆ ಸಮಿತಿಯ ಗುಮಾಸ್ತ. ಇಪ್ಪತ್ತಾರು ವರ್ಷದಿಂದ ಸಭೆಯ ನಡಾವಳಿ ಬರೆಯುತ್ತಿದ್ದೇನೆ. ಆ ವಯಸ್ಸಿನವರ ಮೇಲೆ ನನಗೂ ಎಳ್ಳಷ್ಟು ಗೌರವ ಇರಲಿಲ್ಲ. ನನ್ನ ತಂಗಿಯ ಮಗನೇ ಮಂಚದ ಮೇಲೆ ಮಲಗಿಕೊಂಡು, ಫೋನಿನಲ್ಲಿ ದಿನಕ್ಕೆರಡು ಸರ್ಕಾರ ಬೀಳಿಸುತ್ತಾನೆ. ಚುನಾವಣೆಯ ದಿನ ಎಬ್ಬಿಸಲು ಹೋದರೆ "ಎಲ್ಲಾ ಒಂದೇ ಮಾವ" ಎಂದು ಮುಸುಕೆಳೆದುಕೊಳ್ಳುತ್ತಾನೆ. ಇವಳೂ ಅದೇ ತಳಿ ಎಂದುಕೊಂಡೆ.

ಕಾಗದದ ಮೇಲೆ ಸಮಿತಿಗೆ ಒಂಬತ್ತು ಜನ. ಸಭೆ ನಡೆಯಲು ಐವರಿದ್ದರೆ ಸಾಕು. ತಪ್ಪದೆ ಬರುತ್ತಿದ್ದವರು ನಾಲ್ವರೇ: ಅಧ್ಯಕ್ಷರು, ಔಷಧಿ ಅಂಗಡಿಯವರು, ನಿವೃತ್ತ ಮೇಷ್ಟ್ರು, ರಸ್ತೆ ಕಂಟ್ರಾಕ್ಟರು. ಐದನೆಯವರು ಹಿಂದಿನ ವರ್ಷ ತೀರಿಕೊಂಡಿದ್ದರು. ಆ ಖಾಲಿ ಕುರ್ಚಿಗೇ ಹುಡುಗಿಯನ್ನು ತಂದು ಕೂರಿಸಿದ್ದು.

ಮೊದಲ ಸಭೆಯಲ್ಲಿ ಅವಳ ಕೈಗೊಂದು ಹೂಗುಚ್ಛ ಕೊಟ್ಟು ನಾಲ್ವರೂ ಹಿಂದೆ ನಿಂತರು. "ಸ್ವಲ್ಪ ನಗು ಪುಟ್ಟೀ," ಎಂದರು ಮೇಷ್ಟ್ರು. ಅವಳು ನಗಲಿಲ್ಲ. ಅಂಗೈಯಲ್ಲಿ ಆವಿ ತಾಗಿ ಕೆಂಪಾದ ಗುರುತುಗಳಿದ್ದವು. ಹೂಗುಚ್ಛದ ಪ್ಲಾಸ್ಟಿಕ್ಕನ್ನು ಬೆರಳ ತುದಿಯಲ್ಲಷ್ಟೇ ಹಿಡಿದಿದ್ದಳು. ಬೆಳಗಿನ ಐದೂವರೆಯ ಬಸ್ಸು ವಾರಕ್ಕೆರಡು ದಿನ ಬರುವುದೇ ಇಲ್ಲವಲ್ಲ, ಯಾಕೆ ಎಂದು ಕೇಳಿದಳು. "ಒಳ್ಳೇ ಪ್ರಶ್ನೆ," ಎಂದು ಅಧ್ಯಕ್ಷರು ಬಿಸ್ಕತ್ತಿನ ತಟ್ಟೆಯನ್ನು ಅವಳತ್ತ ತಳ್ಳಿದರು. ನಾನು "ಯುವ ಪ್ರತಿನಿಧಿಯ ಸಲಹೆಯನ್ನು ಸ್ವಾಗತಿಸಲಾಯಿತು" ಎಂದು ಬರೆದೆ.

ಸಭೆ ಮುಗಿದ ಮೇಲೆ ಅವಳು ನನ್ನ ಮೇಜಿನ ಹತ್ತಿರ ಬಂದಳು. "ಸರ್, ಈ ಸಮಿತಿಗೆ ನಿಯಮದ ಪುಸ್ತಕ ಅಂತ ಏನಾದ್ರೂ ಇದೆಯಾ?"

"ಇದೆ. ಓದೋಕೆ ತಾಳ್ಮೆ ಬೇಕು. ವಿಡಿಯೋ ಅಲ್ಲ ಅದು."

"ಕೊಡಿ."

ಧೂಳು ಕೊಡವಿ ಕೊಟ್ಟೆ. ಹದಿನೈದು ದಿನಕ್ಕೆ ವಾಪಸು ತಂದಳು. ಅಂಚುಗಳಲ್ಲೆಲ್ಲ ಪೆನ್ಸಿಲ್ ಗೀಟು. ಇಪ್ಪತ್ತಾರು ವರ್ಷದಲ್ಲಿ ಆ ಪುಸ್ತಕವನ್ನು ಪೂರ್ತಿ ಓದಿದವರಲ್ಲಿ ಅವಳೇ ಮೊದಲನೆಯವಳು. ನಾನೂ ಓದಿರಲಿಲ್ಲ.

ನಾಲ್ಕನೇ ಸಭೆಗೆ ಬಸ್ ಶೆಡ್ಡಿನ ವಿಷಯ ಬಂತು. ಶೆಡ್ಡು ಮುಚ್ಚಿ, ಮುಂಜಾನೆಯ ಬಸ್ಸು ನಿಲ್ಲಿಸಿ, ಜಾಗವನ್ನು ಕಾರಿನ ಶೋರೂಮಿಗೆ ಕೊಡುವುದು. ಶೋರೂಮಿನವನು ಅಧ್ಯಕ್ಷರ ಷಡ್ಡಕ. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ.

"ಆ ಬಸ್ಸಲ್ಲಿ ನಮ್ಮ ಲಾಂಡ್ರಿಯವರೇ ನಲವತ್ತು ಜನ ಬರ್ತಾರೆ," ಎಂದಳು ಹುಡುಗಿ.

"ನಿಮ್ಮ ವಯಸ್ಸಿನವ್ರಿಗೆ ಬಸ್ ಯಾಕಮ್ಮಾ? ಬೈಕ್ ತಗೊಳ್ಳಿ, ಜುಮ್ಮಂತ ಹೋಗಿ," ಎಂದರು ಕಂಟ್ರಾಕ್ಟರು. ಮೂವರೂ ನಕ್ಕರು. ನಾನೂ ಹಲ್ಲು ಬಿಟ್ಟೆ.

ಅವಳು ನನ್ನ ಕಡೆ ತಿರುಗಿದಳು. "ಸರ್, ಈಗ ಎಷ್ಟು ಜನ ಇದೀವಿ?"

"ಐದು."

"ಕಡಿಮೆ ಅಂದ್ರೆ ಎಷ್ಟಿರ್ಬೇಕು?"

ನಗು ನನ್ನ ಮುಖದಲ್ಲೇ ಒಣಗಿತು. "ಐದು."

ಅವಳು ಚೀಲ ಹೆಗಲಿಗೇರಿಸಿ ಎದ್ದಳು. "ನಾನು ಹೊರಟ ಹೊತ್ತು ಬರ್ಕೊಳ್ಳಿ. ಹನ್ನೊಂದು ಇಪ್ಪತ್ತು." ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋದಳು.

"ಎಂಥಾ ಸೊಕ್ಕು!" ಎಂದರು ಅಧ್ಯಕ್ಷರು. "ಗುಮಾಸ್ತರೇ, ಅವಳು ಕೊನೇವರೆಗೂ ಇದ್ಲು ಅಂತ ಬರೀರಿ."

ಅಂಥದ್ದನ್ನು ಹಿಂದೆ ಎಷ್ಟೋ ಸಲ ಬರೆದಿದ್ದೇನೆ. ತೀರಿಕೊಂಡವರನ್ನೂ ಎರಡು ಸಭೆಗೆ ಹಾಜರುಪಡಿಸಿದ್ದೇನೆ. ಅಂದು ಮಾತ್ರ ಹನ್ನೊಂದು ಇಪ್ಪತ್ತು ಎಂದೇ ಬರೆದೆ. ಧೈರ್ಯದಿಂದ ಅಲ್ಲ. ಪುಸ್ತಕ ಓದಿದವಳು ಹೊರಗಿದ್ದಾಳೆ ಎಂಬ ಹೆದರಿಕೆಯಿಂದ. ಸಭೆ ಅಲ್ಲಿಗೇ ಮುಗಿಯಿತು.

ಮುಂದಿನ ತಿಂಗಳು ಅಧ್ಯಕ್ಷರು, ಕಾಲು ಮುರಿದುಕೊಂಡು ಮನೆಯಲ್ಲಿದ್ದ ಸದಸ್ಯರೊಬ್ಬರನ್ನು ಕಾರಿನಲ್ಲಿ ಎತ್ತಿಕೊಂಡು ಬಂದರು. ಇನ್ನು ಹುಡುಗಿಯ ಹಂಗಿಲ್ಲ ಎಂದು ಮೀಸೆ ತಿರುವಿದರು. ಆದರೆ ಹಿಂದಿನ ಬೆಂಚುಗಳಲ್ಲಿ ಮೂವತ್ತೆರಡು ಜನ ಕೂತಿದ್ದರು: ಲಾಂಡ್ರಿಯವರು, ಬೇಕರಿಯ ಹುಡುಗರು, ನರ್ಸಿಂಗ್ ಓದುವವರು. ಎಲ್ಲರ ಕಣ್ಣೂ ಫೋನಿನಲ್ಲಿ. ಥೂ, ಇವರಿಂದೇನಾಗುತ್ತದೆ ಎಂದುಕೊಂಡೆ.

ಹುಡುಗಿ ಹದಿನೇಳನೇ ನಿಯಮ ಓದಿದಳು. ಹಾಜರಿರುವ ಯಾವ ನಾಗರಿಕನಿಗಾದರೂ ಆಕ್ಷೇಪಣೆ ಹೇಳಲು ಮೂರು ನಿಮಿಷ.

ಒಬ್ಬೊಬ್ಬರಾಗಿ ಎದ್ದರು. ಒಬ್ಬ ತೊದಲಿದ. ಒಬ್ಬಳು ಫೋನ್ ನೋಡಿಕೊಂಡು ಓದಿದಳು. ಬೇಕರಿಯವನೊಬ್ಬ ಶೆಡ್ಡಿನ ಮಾತನ್ನೇ ಬಿಟ್ಟು, "ಸಮಿತೀಲಿ ಇರೋರು ಕೊನೇ ಸಲ ಬಸ್ ಹತ್ತಿದ್ದು ಯಾವಾಗ?" ಎಂದು ಕೇಳಿ, ಮಿಕ್ಕ ಎರಡೂವರೆ ನಿಮಿಷ ಉತ್ತರಕ್ಕೆ ಕಾಯುತ್ತಾ ನಿಂತ. ಮೇಷ್ಟ್ರು ತಲೆ ತಗ್ಗಿಸಿ ಕನ್ನಡಕ ಒರೆಸಿಕೊಂಡರು. ಇಪ್ಪತ್ತನೆಯವಳು ಎದ್ದಾಗ ಔಷಧಿಯವರು ಅಂಗಡಿ ತೆರೆಯಬೇಕೆಂದು ಗೊಣಗುತ್ತ ಹೋದರು. ಉಳಿದವರು ಹುಡುಗಿಯೂ ಸೇರಿ ಐವರು. ಹುಡುಗಿ ನನ್ನತ್ತ ನೋಡಿ ಗಡಿಯಾರ ತೋರಿಸಿದಳು, ಚೀಲ ಎತ್ತಿಕೊಂಡಳು.

ಷಡ್ಡಕನಿಗೆ ಕಾದು ಕಾದು ಸಾಕಾಯಿತು. ಬೇರೆ ಕಡೆ ಜಾಗ ಹಿಡಿದ. ಬಸ್ಸು ಉಳಿಯಿತು.

ಹುಡುಗಿಯನ್ನು ಉಳಿಸಲಿಲ್ಲ. ವರ್ಷಾಂತ್ಯಕ್ಕೆ ಯುವ ಪ್ರತಿನಿಧಿಯನ್ನು ಮತವೂ ಇಲ್ಲದ, ಲೆಕ್ಕಕ್ಕೂ ಬಾರದ "ವಿಶೇಷ ಆಹ್ವಾನಿತ"ರನ್ನಾಗಿ ಮಾಡಿದರು. ಕಾರಣ ಹೇಳಿ ಬರೆಸಿದವರು ಅಧ್ಯಕ್ಷರು: "ಸಾರ್ವಜನಿಕ ಕೆಲಸಗಳಲ್ಲಿ ಯುವಜನರಿಗೆ ಆಸಕ್ತಿ ಇಲ್ಲದಿರುವುದರಿಂದ." ಬರೆದವನು ನಾನು.

ಅವಳು ಪ್ರತಿ ಕೇಳಲು ಬಂದಳು. ನಿಂತಲ್ಲೇ ಓದಿದಳು. ಬೈಯುತ್ತಾಳೇನೋ ಎಂದು ಕಾದೆ.

"ಅಕ್ಷರ ಮುತ್ತಿನ ಹಾಗಿದೆ ಸರ್," ಎಂದಳು. ಇಪ್ಪತ್ತಾರು ವರ್ಷದಲ್ಲಿ ಯಾರೂ ನನ್ನನ್ನು ಅಷ್ಟು ಕೀಳಾಗಿ ಕಂಡಿರಲಿಲ್ಲ.

ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡು, ನಗರಸಭೆ ಚುನಾವಣೆಗೆ ನಾಮಪತ್ರದ ಫಾರಂ ಎಲ್ಲಿ ಕೊಡುತ್ತಾರೆ ಎಂದು ಕೇಳಿದಳು. ಮೂರನೇ ಕಿಟಕಿ ಎಂದೆ.