ಮುಚ್ಚಳ ಒಡೆದ ಬಾಟಲಿ

ನನ್ನ ಅಕ್ಕನನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನಿಂದ ಒಳ್ಳೆಯ ಮಾತು ನಿರೀಕ್ಷಿಸಬಾರದು. ಅಪ್ಪ ಬಿಟ್ಟುಹೋದ ಗ್ಯಾರೇಜಿನ ನಡುವೆ ತಗಡು ಹೊಡೆಸಿ ಎರಡು ಮಾಡಿಕೊಂಡಿದ್ದೇವೆ. ಎಡಕ್ಕೆ ಅವಳು, ಬಲಕ್ಕೆ ನಾನು. ಇಬ್ಬರಿಗೂ ಕೆಲಸ ಕಲಿಸಿದ್ದು ಅಪ್ಪನೇ, ಇಬ್ಬರೂ ಬ್ರೇಕಿನ ಕೆಲಸಕ್ಕೇ ಹೆಸರಾದವರು. ಊರಿರುವುದು ಗುಡ್ಡದ ನೆತ್ತಿಯ ಮೇಲೆ. ಇಲ್ಲಿಂದ ಎಲ್ಲಿಗೆ ಹೋಗಬೇಕಾದರೂ ಇಳಿಯಲೇಬೇಕು, ಹಾಗಾಗಿ ಇಬ್ಬರಿಗೂ ಕೈತುಂಬ ಕೆಲಸ.

ಜಗಳ ಶುರುವಾದದ್ದು ಒಂದೇ ಮಾತಿನಿಂದ. ಶಾಲೆಯ ಬಸ್ಸಿನ ಡ್ರೈವರು ಬ್ರೇಕ್ ಮಾಡಿಸಲು ನನ್ನ ಹತ್ತಿರ ಬಂದಿದ್ದ. ಅಕ್ಕ ಅವನೆದುರೇ, "ನನ್ ತಂಗಿ ಕೈಹಾಕಿದ ಗಾಡಿ ನಾನಂತೂ ಹತ್ತಲ್ಲಪ್ಪ" ಅಂದಳು. ತಮಾಷೆಗೆ ಅಂದದ್ದಂತೆ. ಡ್ರೈವರು ಹಲ್ಲು ಕಿರಿದು ಬಸ್ಸನ್ನು ತೆಗೆದುಕೊಂಡು ಹೊರಟೇಹೋದ. ಮಾರನೆಯ ದಿನ ನಾನು ತಗಡು ತರಿಸಿದೆ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಏನಾದರೂ ಹೇಳಲೇಬೇಕಾದರೆ ಅಮ್ಮ ಇದ್ದಾಳೆ. ತಗಡು ಮುಗಿಯುವ ಕಡೆ, ಬಾಗಿಲ ಬಳಿ, ಯಾವುದೋ ಹಳೇ ಕಾರಿನ ಸೀಟು ಹಾಕಿಕೊಂಡು ಕೂತಿರುತ್ತಾಳೆ. ಅವಳ ಕಣ್ಣು ಮಂಜಾಗಿದೆ. ತಗಡನ್ನು ಸವರಿಕೊಂಡು ಆ ಕಡೆಯ ಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಮುಟ್ಟಿಸುತ್ತಾಳೆ. ಒಮ್ಮೊಮ್ಮೆ ಕೇಳದೆಯೂ ಏನಾದರೂ ತರುತ್ತಾಳೆ. ನನ್ನ ಕೈ ಸೈಲೆನ್ಸರಿಗೆ ತಾಗಿ ಸುಟ್ಟಾಗ, "ಗಾಯ ಹೇಗಿದೆ ಅಂತ ಅಕ್ಕ ಕೇಳ್ತಿದ್ಲು" ಅಂದಿದ್ದಳು. ನಾನು ಸ್ಪ್ಯಾನರ್ ಎತ್ತಿಕೊಂಡು ಕೆಲಸಕ್ಕೆ ತಿರುಗಿದೆ. ಆದರೆ ಆ ಮಾತನ್ನು ಮರೆಯಲಿಲ್ಲ.

ಈಗ ಅಮ್ಮನ ಕಣ್ಣಿಗೆ ಆಪರೇಷನ್. ಆಸ್ಪತ್ರೆ ಇರುವುದು ಗುಡ್ಡದ ಕೆಳಗೆ, ಕರೆದುಕೊಂಡು ಹೋಗುವವಳು ಅಕ್ಕ, ತನ್ನ ಕಾರಿನಲ್ಲಿ. ಹಿರಿಯವಳಲ್ಲವೇ, ಅವಳದ್ದೇ ದರ್ಬಾರು. ಹಿಂದಿನ ಸಂಜೆ ಅವಳು ಕಾರನ್ನು ಜಾಕಿನ ಮೇಲೆತ್ತಿ ಮುಂದಿನ ಚಕ್ರಗಳ ಸವೆದ ಬ್ರೇಕ್ ಪ್ಯಾಡುಗಳನ್ನು ಬದಲಿಸಿದಳು. ತುಕ್ಕು ತಿಂದ ಬ್ರೇಕ್ ಪೈಪನ್ನು ಬಿಚ್ಚಿ ಹೊಸದನ್ನು ಕೂರಿಸಿದಳು. ತಗಡಿನ ಮೊಳೆ ತೂತಿನಿಂದ ಎಲ್ಲವೂ ಕಾಣುತ್ತದೆ. ನಾನು ಇಣುಕುವುದಿಲ್ಲ ಎಂದು ಸುಳ್ಳು ಹೇಳಲಾರೆ. ಕೆಲಸ ಚೊಕ್ಕವಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ಹೊಟ್ಟೆಯುರಿ.

ಅಷ್ಟರಲ್ಲಿ ಅಮ್ಮ ಬಂದಳು. "ನಿನ್ ಹತ್ರ ಬ್ರೇಕ್ ಆಯಿಲ್ ಹೊಸ ಡಬ್ಬಿ ಇದ್ಯಾ? ಅಕ್ಕಂಗೆ ಬೇಕಂತೆ."

"ಇದೆ. ನನ್ ಕೈ ಆಗಲ್ಲ, ನನ್ ಡಬ್ಬಿ ಆಗತ್ತಾ? ಅವಳೇ ಬಂದು ಬಾಯಿಬಿಟ್ಟು ಕೇಳ್ಲಿ, ಕೊಡ್ತೀನಿ. ಹಾಗಂತಲೇ ಹೇಳು."

ಅಮ್ಮ ಹೋದಳು. ಅಕ್ಕ ಬರಲಿಲ್ಲ. ನಾನು ತೂತಿಗೆ ಕಣ್ಣಿಟ್ಟೆ. ಅವಳು ಮೇಲಿನ ಹಲಗೆಗೆ ಕೈಚಾಚಿ ಬ್ರೇಕ್ ಆಯಿಲಿನ ಒಂದು ಹಳೇ ಬಾಟಲಿ ಇಳಿಸಿದಳು. ಅದರ ಮುಚ್ಚಳ ಮಳೆಗಾಲಕ್ಕೂ ಮೊದಲೇ ಒಡೆದಿತ್ತು. ಬಾಯಿಗೆ ಪ್ಲಾಸ್ಟಿಕ್ ಚೂರು ಕಟ್ಟಿ ಇಟ್ಟಿದ್ದಳು.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಕುಡಿಯುತ್ತದೆ. ಕುಡಿದದ್ದು ಕಣ್ಣಿಗೆ ಕಾಣುವುದಿಲ್ಲ, ಊರೊಳಗೆ ಓಡಾಡುವಾಗ ಗೊತ್ತೂ ಆಗುವುದಿಲ್ಲ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಒತ್ತಿ ಕಾವೇರಿದಾಗ ಆ ನೀರು ಕುದಿದು ಆವಿಯಾಗುತ್ತದೆ. ಆಗ ಪೆಡಲು ಮೆತ್ತಗೆ ನೆಲಕ್ಕೆ ಹೋಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಇದನ್ನು ಅಪ್ಪ ನಮ್ಮಿಬ್ಬರ ತಲೆಗೂ ಮೊಟಕಿ ಮೊಟಕಿ ಕಲಿಸಿದ್ದ.

ನಾನು ಅಮ್ಮನನ್ನು ಕೂಗಿದೆ. "ಹೋಗಿ ಹೇಳು ಆ ಮಹಾರಾಣಿಗೆ. ಆ ಬಾಟ್ಲಿ ಆಯಿಲ್ ಹಾಕಿದ್ರೆ ಕೆಳಗಿನ ತಿರುವಿನಲ್ಲಿ ಬ್ರೇಕ್ ಹಿಡಿಯಲ್ಲ, ಇಬ್ರೂ ಕಮರಿಗೆ ಬೀಳ್ತೀರಾ. ತಲೆ ನೆಟ್ಟಗಿದ್ರೆ ಚೆಲ್ಲು ಅಂತ ಹೇಳು."

ಅಮ್ಮ ತಗಡು ಸವರಿಕೊಂಡು ಹೋಗಿ ಬಂದಳು. "ಆಯ್ತಂತೆ."

ಆಯ್ತಂತೆ! ಮತ್ತೆ ತೂತಿನಿಂದ ನೋಡಿದರೆ ಅಕ್ಕ ಅದೇ ಬಾಟಲಿಯನ್ನು ಬಗ್ಗಿಸಿ ಸುರಿಯುತ್ತಿದ್ದಾಳೆ. ಆಮೇಲೆ ಅಮ್ಮನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾನು ಚಕ್ರದ ಬಳಿ ಕೂತು, "ಒತ್ತು, ಬಿಡು" ಎಂದು ಪೈಪಿನ ಗಾಳಿ ತೆಗೆದಳು. ನನ್ನ ಮೈ ಉರಿದುಹೋಯಿತು. ಗೊತ್ತಿದ್ದೂ, ನಾನು ಹೇಳಿದೆನೆಂಬ ಒಂದೇ ಕಾರಣಕ್ಕೆ ಹಾಕುತ್ತಿದ್ದಾಳೆ. ಸಾಯಲಿ ಅಂದುಕೊಂಡೆ. ಪಕ್ಕದ ಸೀಟಿನಲ್ಲಿ ಅಮ್ಮನೂ ಇರುತ್ತಾಳೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಬೆಳಿಗ್ಗೆ ಅಮ್ಮ ಚೀಲ ಹಿಡಿದು ಹೊರಟು ನಿಂತಳು. ಅಕ್ಕ ಕಾರನ್ನು ಹೊರಗೆ ತಂದಿದ್ದಳು. ನಾನು ಅಮ್ಮನ ಕೈ ಹಿಡಿದುಕೊಂಡೆ.

"ನಿನ್ನೆ ಅವಳಿಗೆ ಏನಂತ ಹೇಳ್ದೆ?"

"ಹೇಳಿದ್ನಲ್ಲ. ತಂಗಿ ಹುಷಾರಾಗಿ ಓಡ್ಸು ಅಂತಾಳೆ ಅಂದೆ."

"ಅಷ್ಟೇನಾ? ಆಯಿಲ್ ವಿಷ್ಯ?"

"ಅಯ್ಯೋ, ಹೊರಡೋ ಹೊತ್ನಲ್ಲಿ ಕಮರಿ ಗಿಮರಿ ಅಂತ ಯಾಕೆ? ಒಳ್ಳೇದಾಗೋ ಮಾತಷ್ಟೇ ಹೇಳ್ದೆ."

ನಾನು ಒಳಗೆ ಓಡಿ ಮರದ ತುಂಡು ತಂದು ಕಾರಿನ ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟೆ. ಅಕ್ಕ ಗಾಜಿಳಿಸಿದಳು.

"ತೆಗಿಯೇ ಅದನ್ನ. ನಿನ್ ಹೊಟ್ಟೆಕಿಚ್ಚಿಗೆ ಅಮ್ಮನ ಕಣ್ಣು ಬಲಿ ಕೊಡ್ಬೇಕಾ?"

"ಅಮ್ಮನ್ನೇ ಬಲಿ ಕೊಡೋಕೆ ಹೊರಟವಳು ನೀನು! ಒಡೆದ ಬಾಟ್ಲಿ ಆಯಿಲ್ ಹಾಕಿ ಈ ಇಳಿಜಾರು ಇಳೀತಾರಾ? ಅಪ್ಪ ಹೇಳ್ಕೊಟ್ಟಿದ್ದು ನುಂಗಿ ನೀರು ಕುಡಿದ್ಯಾ?"

"ಹೊಸದು ಕೇಳ್ದಾಗ ಖಾಲಿ ಆಗಿದೆ ಅಂದವಳು ಯಾರು? ಅಂಗಡಿ ಇರೋದು ಗುಡ್ಡದ ಕೆಳಗೆ, ಆಪರೇಷನ್ ಇವತ್ತು. ಬ್ರೇಕ್ ಜಾಸ್ತಿ ಒತ್ತದೆ ಗೇರಲ್ಲೇ ಇಳಿಸಿದ್ರಾಯ್ತು ಅಂದ್ಕೊಂಡೆ."

"ಖಾಲಿ ಅಂತ ನಾನ್ಯಾವಾಗ ಅಂದೆ? ಬಂದು ಕೇಳಿದ್ರೆ ಕೊಡ್ತೀನಿ ಅಂದೆ."

ಇಬ್ಬರೂ ಅಮ್ಮನ ಕಡೆ ತಿರುಗಿದೆವು. ಅಮ್ಮ ಚೀಲದ ಹಿಡಿ ತಿರುಚುತ್ತ, "ಬಂದು ಕೇಳ್ಲಿ ಅಂದ್ರೆ ದೊಡ್ಡವಳು ಕುದೀತಾಳೆ. ಖಾಲಿ ಅಂದ್ರೆ ಯಾರಿಗೂ ನೋವಿಲ್ಲ" ಅಂದಳು.

ಅಕ್ಕ ಕಾರಿನಿಂದಿಳಿದು ಬಾಗಿಲನ್ನು ದಢಾರನೆ ಹಾಕಿದಳು. ನಾನು ಸೀಲು ಒಡೆಯದ ಡಬ್ಬಿ ತಂದೆ. ಕೊಳವೆ ಹಾಕಿ ಹಳೇ ಆಯಿಲನ್ನು ಹೀರಿ ತೆಗೆದೆವು, ಹೊಸದನ್ನು ತುಂಬಿದೆವು, ಪೈಪುಗಳಲ್ಲಿ ಉಳಿದದ್ದನ್ನು ಹೊರಹಾಕಲು ದೂರದ ಹಿಂದಿನ ಚಕ್ರದಿಂದ ಶುರುಮಾಡಿದೆವು. ಅವಳು ಪೆಡಲಿನ ಮೇಲೆ, ನಾನು ಚಕ್ರದ ಬಳಿ. ಈ ಕೆಲಸಕ್ಕೆ ಬಾಯಿ ಬೇಕೇ ಬೇಕು.

"ಒತ್ತು."

"ಒತ್ತಿದೀನಿ."

ತಿರುಪು ಸಡಿಲಿಸಿದೆ. ಕಂದು ಆಯಿಲು ಕೊಳವೆಯಲ್ಲಿ ಇಳಿಯಿತು. ತಿರುಪು ಬಿಗಿದೆ. "ಬಿಡು."

ಮೂರನೆಯ ಚಕ್ರದ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. "ನನ್ ಕೈ ಸುಟ್ಟಾಗ ಗಾಯ ಹೇಗಿದೆ ಅಂತ ಕೇಳಿದ್ಯಂತೆ."

"ನಾನಾ? ನಿನ್ ಕೈ ಯಾವಾಗ ಸುಟ್ಟಿತ್ತು?" ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಅವಳೂ ಕೇಳಿದಳು, "ನಂಗೆ ಜ್ವರ ಬಂದಾಗ ಕಂಬಳಿ ಕಳ್ಸಿದ್ದು ನೀನಲ್ವಾ?"

"ನಾನ್ಯಾಕೆ ಕಳಿಸ್ಲಿ?"

ಇಷ್ಟು ದಿನ ಅವಳ ಮೇಲೆ ಹಲ್ಲು ಮಸೆಯುತ್ತಲೇ ಆ ಒಂದು ಮಾತನ್ನು ಜೋಪಾನ ಮಾಡಿದ್ದೆ. ಅದೂ ಅವಳದ್ದಲ್ಲ. ಅವಳ ಮುಖ ನನಗೆ ಕಾಣಲಿಲ್ಲ, ಆದರೆ "ಒತ್ತು" ಅಂದಾಗ ಪೆಡಲು ಬೀಳಲು ತಡವಾಯಿತು.

ಕೊನೆಯ ಚಕ್ರದಲ್ಲಿ ತಿಳಿಯಾದ ಆಯಿಲು ಬಂತು. ಅಕ್ಕ ಪೆಡಲು ಒತ್ತಿ ನೋಡಿದಳು. ಕಲ್ಲಿನಂತೆ ಗಟ್ಟಿ. ನಾನು ಕೈಹಾಕಿದ ಗಾಡಿ ಹತ್ತುವುದಿಲ್ಲ ಅಂದವಳು ಕಾರು ಶುರುಮಾಡಿದಳು. ಅಮ್ಮ ಪಕ್ಕದಲ್ಲಿ ಕೂತು ನನ್ನ ಕಡೆಗೆ ತಲೆ ಹೊರಹಾಕಿದಳು.

"ದೊಡ್ಡ ಉಪಕಾರ ಆಯ್ತು ಅಂತಾಳೆ ಅಕ್ಕ."

ಅಕ್ಕ ನನ್ನ ಕಣ್ಣೆದುರೇ ಇದ್ದಳು, ಒಂದಕ್ಷರ ಮಾತಾಡಿರಲಿಲ್ಲ.

"ಹಾಳಾಗಿ ಹೋಗ್ಲಿ ಅಂತ ಹೇಳು" ಅಂದೆ, ಅವಳಿಗೂ ಕೇಳುವ ಹಾಗೆ.

ಅಮ್ಮ ಅವಳ ಕಡೆ ತಿರುಗಿದಳು. "ಹುಷಾರಾಗಿ ಹೋಗ್ಬಾ ಅಂತಾಳೆ."

ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಗೇರು ಹಾಕುತ್ತ, "ಆಯ್ತು ಅಂತ ಹೇಳು ಅವಳಿಗೆ" ಅಂದಳು.

ನಾನು ಮರದ ತುಂಡು ತೆಗೆದೆ. ಕಾರು ಇಳಿಜಾರಿಗೆ ಬಿತ್ತು. ನಾನು ಡಬ್ಬಿ ಹಿಡಿದುಕೊಂಡೇ ರಸ್ತೆಯ ಅಂಚಿಗೆ ಹೋಗಿ ನಿಂತೆ. ಮೊದಲ ತಿರುವಿನಲ್ಲಿ ಕೆಂಪು ದೀಪ ಹೊತ್ತಿತು, ಕಾರು ನಿಧಾನವಾಯಿತು, ತಿರುಗಿತು. ಕೆಳಗಿನ ತಿರುವಿನಲ್ಲೂ ಹೊತ್ತಿ ಆರುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.