ಉಪ್ಪುನೀರಿನಲ್ಲಿ ಹತ್ತು ಲಕ್ಷ ಎಳೆತ

ಷಡ್ಡಕರಿಬ್ಬರು ಒಂದೇ ಕಡೆ ಕೆಲಸಕ್ಕಿರಬಾರದು. ಮನೆಯಲ್ಲಿ ಅತ್ತೆ, "ಚಿಕ್ಕ ಅಳಿಯಂದಿರು ಎಷ್ಟು ಚೂಟಿ" ಅನ್ನುವುದು ಸಾಲದೆಂದು ಲೋಹಪರೀಕ್ಷೆಯ ಲ್ಯಾಬಿನಲ್ಲಿ ಮ್ಯಾನೇಜರ್ ಕೂಡ ಅದೇ ರಾಗ ಎಳೆಯುತ್ತಿದ್ದರು. ಹಿರಿಯ ಅಳಿಯನ ಹೊಟ್ಟೆ ಉರಿಯದೆ ಇನ್ನೇನಾದೀತು? ಇಪ್ಪತ್ತೆರಡು ವರ್ಷ ಉಕ್ಕು ಮುರಿದು ಮುರಿದು ತಲೆ ಬೋಳಾದದ್ದು ಇವನದು, ಶಹಬಾಸ್‌ಗಿರಿ ಮಾತ್ರ ನಿನ್ನೆ ಮೊನ್ನೆ ಬಂದವನಿಗೆ.

ಈ ಸಲದ ಹೊಗಳಿಕೆ ಬಂದರಿನ ಕ್ರೇನಿಗೆ ಹಾಕುವ ಸರಳುಗಳದ್ದು. ಹೊಸ ಬಗೆಯ ಗಟ್ಟಿ ಉಕ್ಕು. ಅದರ ತುಂಡನ್ನು ಕಿರಿಯವನು ಉಪ್ಪುನೀರಿನಲ್ಲಿ ಮುಳುಗಿಸಿ ಹತ್ತು ಲಕ್ಷ ಸಲ ಎಳೆದು ಬಿಟ್ಟರೂ ಮುರಿಯಲಿಲ್ಲವಂತೆ, ಅದೂ ಒಂದೇ ದಿನದಲ್ಲಿ.

ಸೋಮವಾರ ಕಿರಿಯವನು ಊಟಕ್ಕೆ ಹೋದಾಗ ಹಿರಿಯವನು ಅವನ ದಾಖಲೆ ಪುಸ್ತಕ ತೆರೆದ. ಸೆಕೆಂಡಿಗೆ ಇಪ್ಪತ್ತು ಎಳೆತ ಎಂದು ಬರೆದಿತ್ತು. ಒಣಗಾಳಿಯ ಪರೀಕ್ಷೆಗೆ ಆ ವೇಗ ಸರಿ. ಆದರೆ ಉಪ್ಪುನೀರಿಗೆ ಬಿರುಕಿನೊಳಗೆ ಇಳಿದು ಉಕ್ಕನ್ನು ತಿನ್ನಲು ಪುರುಸೊತ್ತು ಬೇಕು. ಅಲೆ ಬಡಿಯುವ ಹಾಗೆ ನಿಧಾನವಾಗಿ, ಎರಡು ತಿಂಗಳು ಎಳೆಯಬೇಕು. ಹಾಗೆ ಎಳೆದರೆ ಇದು ಅರ್ಧದಲ್ಲೇ ಮುರಿದೀತು. ಹಿರಿಯವನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

ತಕ್ಷಣ ಹೇಳಲಿಲ್ಲ. ಶುಕ್ರವಾರ ಸಭೆಯಿತ್ತು, ಎಲ್ಲರೆದುರು ಹೇಳಿದರೆ ಅದರ ರುಚಿಯೇ ಬೇರೆ. ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡು ಒಳಗೊಳಗೇ ಹಿಗ್ಗಿದ.

ಸಭೆಯಲ್ಲಿ ಎಳೆಎಳೆಯಾಗಿ ಬಿಡಿಸಿ ಹೇಳಿದ. ಕಿರಿಯವನ ಮುಖ ಬಿಳಿಚಿಕೊಂಡಿತು. ಆದರೆ ತಡವರಿಸದೆ ಎದ್ದು ನಿಂತ.

"ತಪ್ಪು ನಂದೇ ಸರ್. ಭಾವ ಹೇಳಿದ್ದು ಸರಿ. ಸರಳು ನಿನ್ನೆ ಕ್ರೇನಿಗೆ ಹಾಕಿಬಿಟ್ಟಿದ್ದಾರೆ. ಕೆಳಗೆ ಜನ ಕೆಲಸ ಮಾಡ್ತಿರ್ತಾರೆ, ಮೊದಲು ಅದನ್ನ ನಿಲ್ಲಿಸ್ಬೇಕು," ಎಂದು ಅಲ್ಲೇ ಬಂದರಿಗೆ ಫೋನ್ ಮಾಡಿದ.

ನಿನ್ನೆ ಎಂಬ ಮಾತು ಹಿರಿಯವನ ಎದೆಗೆ ಚುಚ್ಚಿತು. ಸೋಮವಾರವೇ ಬಾಯಿ ಬಿಟ್ಟಿದ್ದರೆ ಆ ಸರಳುಗಳು ಕ್ರೇನ್ ಏರುತ್ತಲೇ ಇರಲಿಲ್ಲ.

ಕ್ರೇನ್ ನಿಂತಿತು, ಯಾರಿಗೂ ಏನೂ ಆಗಿಲ್ಲ ಎಂದು ಆ ಕಡೆಯಿಂದ ಸುದ್ದಿ ಬಂತು. ಮ್ಯಾನೇಜರ್ ಹಿರಿಯವನತ್ತ ತಿರುಗಿದರು. "ಸದ್ಯ, ನೀವು ನೋಡಿದ್ರಿ. ಯಾವಾಗ ಗೊತ್ತಾಯ್ತು ನಿಮಗೆ?"

"ಇವತ್ತು ಬೆಳಿಗ್ಗೆ," ಎಂದ.

ಯಾರೂ ಅನುಮಾನಪಡಲಿಲ್ಲ. ಕಿರಿಯವನು ಅವನ ಎರಡೂ ಕೈ ಹಿಡಿದುಕೊಂಡು, "ನೀವು ಇಲ್ದಿದ್ರೆ ಏನು ಗತಿ ಭಾವ," ಎಂದ. ಹಿರಿಯವನ ಹೊಟ್ಟೆ ಮತ್ತೆ ಉರಿಯಿತು, ಹಿಂದೆಂದೂ ಉರಿಯದಷ್ಟು. 'ತಪ್ಪು ನಂದೇ' ಎಂದು ಅವನು ಎಷ್ಟು ಸಲೀಸಾಗಿ ಅಂದುಬಿಟ್ಟ. ಇವನ ಬಾಯಿಗೆ ಅದು ಬರಲೇ ಇಲ್ಲ.